ಕಾಣುವ ಕಣ್ಣು

ಚಿತ್ರವೆಂದರೆ ಕಣ್ಣಿಗೆ ತಂಪಾಗಿರಬೇಕು, ಶಿಲ್ಪವೆಂದರೆ ದೇವರದೋ ಅರಸನದೋ ಆಗಿರಬೇಕು ಎಂಬ ತಿಳಿವಳಿಕೆ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ವಿಜಯಪುರದ ಗೋಳಗುಮ್ಮಟವನ್ನು ಕಂಡು ಬೆರಗಾಗುವವರು ಹಲವರು. ಅದಕ್ಕೆ ಕಲ್ಲು ಹೊತ್ತವರ ಬಾಳೂ ಕಲೆಗೆ ವಸ್ತುವಾಗಬಲ್ಲುದೆಂದು ನೆನೆಯುವವರು ಕೆಲವರು.

ಅದೇ ಜಿಲ್ಲೆಯ ದೇವರ ಹಿಪ್ಪರಗಿ ಹನ್ನೆರಡನೆಯ ಶತಮಾನದ ಶರಣ ಮಡಿವಾಳ ಮಾಚಿದೇವರ ಹುಟ್ಟೂರು. ಬಟ್ಟೆಯ ಕೊಳೆ ತೊಳೆಯುವ ಕಾಯಕವನ್ನೇ ಅವರು ಪೂಜೆಯೆಂದು ಬಗೆದರು. ಲೋಕವು ಕೀಳೆಂದು ಕಡೆಗಣಿಸಿದ ದುಡಿಮೆಯನ್ನು ಗೌರವದಿಂದ ಕಾಣುವ ಆ ದೃಷ್ಟಿ ಇಂದಿನ ಕೆಲವು ಕಲಾವಿದರ ಕೃತಿಗಳಲ್ಲಿ ಬೇರೊಂದು ಬಗೆಯಲ್ಲಿ ತೋರಿಬರುತ್ತದೆ.

ಅಂಥವರಲ್ಲಿ ಶೀಲಾ ಗೌಡ ಒಬ್ಬರು. 1957ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಇವರು, ಬಾದಾಮಿಯಲ್ಲಿ ಹುಟ್ಟಿದ ಆರ್. ಎಂ. ಹಡಪದರು ಬೆಂಗಳೂರಿನಲ್ಲಿ ಕಟ್ಟಿ ಬೆಳೆಸಿದ ಕೆನ್ ಕಲಾಶಾಲೆಯಲ್ಲಿಯೂ, ಅನಂತರ ಶಾಂತಿನಿಕೇತನ ಮತ್ತು ಲಂಡನ್ನಿನಲ್ಲಿಯೂ ಕಲಾಭ್ಯಾಸ ಮಾಡಿದರು. 1990ರ ದಶಕದ ಆರಂಭದಲ್ಲಿ, ದೇಶದಲ್ಲಿ ಹಿಂಸೆ ಹೆಡೆಯೆತ್ತಿದ್ದ ಕಾಲದಲ್ಲಿ, ಅವರು ಎಣ್ಣೆಬಣ್ಣಗಳಾಚೆಗೆ ಹೊರಳಿ ಸಗಣಿಯನ್ನು ಕೈಗೆತ್ತಿಕೊಂಡರು. ಹಳ್ಳಿಯ ಹೆಂಗಸರು ನೆಲ ಸಾರಿಸುವ, ಕುಳ್ಳು ತಟ್ಟುವ ಸಗಣಿಯೇ ಅದು. 1998ರ ಒಂದು ಕೃತಿಯಲ್ಲಿ ನೂರಾರು ಅಡಿ ದಾರವನ್ನು ಸೂಜಿಗಳಲ್ಲಿ ಪೋಣಿಸಿ, ಅಂಟು ಕಲಸಿದ ಕುಂಕುಮವನ್ನು ಬಳಿದು, ಕೆಂಪು ಹಗ್ಗವಾಗಿ ಮಾಡಿದರು. ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೆಯೇ ತೂಗುತ್ತದೆ. ‘ನನ್ನ ನೋವನ್ನು ಅವನಿಗೆ ತಿಳಿಸು’ ಎಂಬುದು ಅದರ ಹೆಸರಿನ ಅರ್ಥ. ಹೆಣ್ಣಿನ ಮುಖವೊಂದನ್ನೂ ಬಿಡಿಸದೆ, ಅವಳ ದುಡಿಮೆಯ ತಾಳ್ಮೆಯನ್ನೂ ಒಳಗೆ ಚುಚ್ಚುವ ನೋವನ್ನೂ ಆ ಹಗ್ಗ ನೆನಪಿಗೆ ತರುತ್ತದೆ.

2006ರಲ್ಲಿ ಅವರು ಡಾಂಬರಿನ ಪೀಪಾಯಿಗಳಿಂದಲೂ ಅವುಗಳನ್ನು ಚಪ್ಪಟೆ ಮಾಡಿದ ತಗಡುಗಳಿಂದಲೂ ‘ಡಾರ್ಕ್‌ರೂಮ್’ ಎಂಬ ಕತ್ತಲ ಕೋಣೆಯನ್ನು ನಿರ್ಮಿಸಿದರು. ಅದರೊಳಕ್ಕೆ ಬಾಗಿ ನುಸುಳಬೇಕು. ಒಳಗೆ ತಲೆಯೆತ್ತಿದರೆ ಮೇಲ್ತಗಡಿನ ಸಣ್ಣ ತೂತುಗಳಿಂದ ಬೆಳಕು ನಕ್ಷತ್ರಗಳಂತೆ ಮಿನುಗುತ್ತದೆ. ಮಳೆ ಕೈಕೊಟ್ಟ ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಕಡೆಯಿಂದ ಗುಳೆ ಹೋಗುವ ಕುಟುಂಬಗಳಿಗೆ ತಗಡಿನ ಆಸರೆಯೂ ಅದರ ತೂತುಗಳೂ ಅಪರಿಚಿತವಲ್ಲ.

ಇಂಥ ಕಲೆಯನ್ನು ಕುರಿತು ಎರಡು ಆಕ್ಷೇಪಗಳಿವೆ. ಸಗಣಿಯೂ ಪೀಪಾಯಿಯೂ ಕಲೆಯಾದರೆ ಕಲಾವಿದನ ಕೌಶಲವೆಲ್ಲಿ ಎಂಬುದು ಮೊದಲನೆಯದು. ದಿನಬಳಕೆಯ ವಸ್ತುವಿನಲ್ಲಿ ಅಡಗಿದ ಬಾಳನ್ನು ಗುರುತಿಸಿ, ಅದನ್ನು ಇತರರಿಗೂ ಕಾಣುವಂತೆ ಮಾಡುವುದು ಸಾಮಾನ್ಯ ಕೌಶಲವಲ್ಲ. ಗುಡಿಸಲಿನವನ ಕಷ್ಟವನ್ನು ಪಟ್ಟಣದ ಪ್ರದರ್ಶನದಲ್ಲಿಟ್ಟರೆ ಅವನಿಗೇನು ಲಾಭ ಎಂಬುದು ಎರಡನೆಯದು. ಈ ಪ್ರಶ್ನೆ ತೂಕವುಳ್ಳದ್ದು. ಕಲೆಯು ಯಾರಿಗೂ ಸೂರು ಕಟ್ಟಿಕೊಡಲಾರದು. ಆದರೆ ದಾರಿಬದಿಯ ಗುಡಿಸಲನ್ನು ಕಂಡೂ ಕಾಣದಂತೆ ಸಾಗುವವನು ಒಮ್ಮೆ ಆ ಕತ್ತಲೊಳಗೆ ಬಾಗಿ ಹೊಕ್ಕು ಬಂದರೆ, ಮತ್ತೆ ಹಾಗೆಯೇ ಸಾಗುವುದು ಅವನಿಗೆ ಸುಲಭವಾಗದು. ಪರರ ಕಷ್ಟ ಕಣ್ಣಿಗೆ ಬೀಳದ ಸಮಾಜದಲ್ಲಿ ಅದರ ಪರಿಹಾರದ ಮಾತು ಹುಟ್ಟುವುದಾದರೂ ಹೇಗೆ?

ಪರೀಕ್ಷೆಗೆ ಬಾರದೆಂದು ಚಿತ್ರಕಲೆಯ ಅವಧಿಯನ್ನು ಬೇರೆ ಪಾಠಗಳಿಗೆ ಬಿಟ್ಟುಕೊಡುವ ಶಾಲೆಗಳು ಇದನ್ನು ಆಲೋಚಿಸಬೇಕು. ಹೂವು ಹಣ್ಣುಗಳ ಜೊತೆಗೆ ಬಾವಿಯ ಹಗ್ಗ, ಅಮ್ಮನ ಬೀಸುವ ಕಲ್ಲು, ಗುಳೆಯಿಂದ ಮರಳಿದವರ ಗಂಟುಮೂಟೆ, ಇವುಗಳನ್ನು ದಿಟ್ಟಿಸಿ ನೋಡಿ ಬರೆಯುವ ಅವಕಾಶ ಮಕ್ಕಳಿಗೆ ದೊರೆಯಬೇಕು. ಆ ಮಕ್ಕಳೆಲ್ಲ ಕಲಾವಿದರಾಗದಿದ್ದರೂ, ನೆರೆಯವರ ಬಾಳನ್ನು ಕಾಣಬಲ್ಲ ಮನುಷ್ಯರಾಗುವರು.