ಉತಾರ ನಿಮ್ಮದು, ಕಲ್ಲು ಸರಕಾರದ್ದು, ತೆರಿಗೆ ಯಾರದು?



ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರ ಕಡೆ ಮಡ್ಡಿ ಹೊಲ ಇದ್ದವರ ಮನೆಗೆ ಕಲ್ಲಿನವರು ಬರುವುದು ಹೊಸದಲ್ಲ. ನಮ್ಮ ಮನೆಗೂ ಒಬ್ಬ ಗುತ್ತಿಗೆದಾರ ಬಂದು ಕಟ್ಟೆ ಮೇಲೆ ಕೂತ. "ಗೌಡ್ರ, ಈ ಮಡ್ಡ್ಯಾಗ ಏನ್ ಬೆಳಿತೈತಿ? ಕ್ವಾರಿ ಲೀಜು ನಿಮ್ಮ ಹೆಸರಲೇ ಇರ್ಲಿ, ಖರ್ಚೆಲ್ಲ ನಂದು, ನೀವು ಬರೇ ಸಹಿ ಮಾಡ್ರಿ" ಅಂದ. ಚಹಾ ಕುಡಿಸಿ ಕಳಿಸಿದೆ, ಸಹಿ ಮಾಡಲಿಲ್ಲ. ಯಾಕೆಂದು ಹೇಳುತ್ತೇನೆ, ಕೇಳಿರಿ.

ಉತಾರದಲ್ಲಿ ಹೆಸರು ನಮ್ಮದಿದ್ದರೂ ಒಳಗಿನ ಕಲ್ಲು ನಮ್ಮದಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 70ನೆಯ ಕಲಮು ಖನಿಜದ ಹಕ್ಕನ್ನು ಸರಕಾರಕ್ಕೆ ಕೊಟ್ಟಿದೆ. ತೆಗೆದ ಕಲ್ಲಿಗೆ ಟನ್ನಿನ ಲೆಕ್ಕದಲ್ಲಿ ರಾಜಧನ ಕಟ್ಟಬೇಕು. ಆ ರಾಜಧನದ ಮೇಲೆ ಮತ್ತೆ ಶೇ. 18 ಜಿ.ಎಸ್.ಟಿ. ನೂರು ರೂಪಾಯಿಗೆ ಹದಿನೆಂಟು! ಇದನ್ನು ಹಕ್ಕು ಕೊಡುವ ಸರಕಾರ ಕಟ್ಟುವುದಿಲ್ಲ. ಲೀಜಿನಲ್ಲಿ ಯಾರ ಹೆಸರಿದೆಯೋ ಅವನೇ ನೋಂದಣಿ ಮಾಡಿಸಿ, ರೋಖ ಕಟ್ಟಬೇಕು.

"ನಾವು ರೈತರು, ನಮಗೆಲ್ಲಿಯ ಜಿ.ಎಸ್.ಟಿ.?" ಎನ್ನುವಿರಾ? ಆ ವಿನಾಯಿತಿ ನೆಲದಲ್ಲಿ ಬೆಳೆದು ಮಾರಿದ್ದಕ್ಕೆ. ಕಲ್ಲು ಬೆಳೆಯಲ್ಲ.

ಲೆಕ್ಕಪತ್ರ ಇಟ್ಟ ಕ್ರಷರ್ ಧಣಿ ತಾನು ಕಟ್ಟಿದ ಹದಿನೆಂಟನ್ನು, ಕಡಿ ಮಾರಿದಾಗ ಬರುವ ಶೇ. 5ರ ತೆರಿಗೆಯಲ್ಲಿ ಮುರಿದುಕೊಳ್ಳುತ್ತಾನೆ. ಲೀಜು ನಿಮ್ಮ ಹೆಸರಲ್ಲಿ, ಕಲ್ಲು ಅವನ ಟಿಪ್ಪರಿನಲ್ಲಿ, ಬಿಲ್ಲು ಎಲ್ಲಿಯೂ ಇಲ್ಲ ಅಂದರೆ ನೀವು ಏನು ಮುರಿದುಕೊಳ್ಳುತ್ತೀರಿ?

ಹಳೇ ಬಾಕಿಯೂ ಉಂಟು. 2019ರ ಜನವರಿಗಿಂತ ಮುಂಚಿನ ಅವಧಿಗೆ ದರ ಶೇ. 5 ಮಾತ್ರ ಎಂದು ಗಣಿದಾರರು ವಾದಿಸುತ್ತಿದ್ದರು. 2021ರ ಅಕ್ಟೋಬರಿನಲ್ಲಿ ಬಂದ ಕೇಂದ್ರದ ಸುತ್ತೋಲೆ, 2017ರ ಜುಲೈ 1ರಿಂದಲೇ ಹದಿನೆಂಟು ಎಂದಿತು. ವಕೀಲರನ್ನಿಟ್ಟುಕೊಂಡವರ ಗತಿಯೇ ಹೀಗೆ.

ತೆರಿಗೆಯ ಮೇಲೆ ತೆರಿಗೆ ನ್ಯಾಯವೇ ಎಂದು ಕೇಳುವಂತೆಯೂ ಇಲ್ಲ. ರಾಜಧನ ತೆರಿಗೆಯೇ ಅಲ್ಲ, ಹಕ್ಕಿಗೆ ಕೊಡುವ ಪ್ರತಿಫಲ ಎಂದು 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಎಂಟು ಮಂದಿ ಒಂದು ಕಡೆ, ನ್ಯಾಯಮೂರ್ತಿ ನಾಗರತ್ನ ಒಬ್ಬರೇ ಇನ್ನೊಂದು ಕಡೆ. ಆಗಲಿ, ಬೆಲೆಯೇ ಅನ್ನೋಣ. ತನ್ನ ಕಲ್ಲಿನ ಬೆಲೆ ಬಿಡದೆ ಎಣಿಸಿಕೊಳ್ಳುವವರು 2025–26ರಲ್ಲಿ ನಮ್ಮ ಮೆಕ್ಕೆಜೋಳಕ್ಕೆ ಕ್ವಿಂಟಲಿಗೆ 2,400 ರೂಪಾಯಿ ಎಂದು ಬರೆದು, ಕೊಳ್ಳುವಾಗ ಮಾತ್ರ ಡೆಲ್ಲಿ–ಬೆಂಗಳೂರು ಒಬ್ಬರ ಮುಖ ಒಬ್ಬರು ನೋಡಿದರು.

ಕಲ್ಲು ಎತ್ತುವವನೇ ಲೀಜು ತನ್ನ ಹೆಸರಿಗೆ ಮಾಡಿಸಿಕೊಳ್ಳಲಿ. ನೀವು ಕೊಡುವುದು ಸಮ್ಮತಿ ಪತ್ರ ಮಾತ್ರ, ಅದನ್ನೂ ಓದಿಸಿ ಕೇಳಿದ ಮೇಲೆ. ಈಗಾಗಲೇ ಸಹಿ ಮಾಡಿದವರು ತಡಮಾಡದೆ ಹಾವೇರಿಗೆ ಹೋಗಿ, ನಿಮ್ಮ ಹೆಸರಿನ ಮೇಲೆ ಎಷ್ಟು ಟನ್ನಿಗೆ ಪರ್ಮಿಟ್ಟು ಹೋಗಿದೆ ಎಂದು ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಬರೆಸಿಕೊಂಡು ಬರ್ರಿ.