ನಿಯಮ ಮೀರಿದ ಕ್ರಿಯಾಪದಗಳು

ವ್ಯಾಕರಣವೆಂದೊಡನೆ ವಿದ್ಯಾರ್ಥಿಗಳ ಮುಖ ಬಾಡುವುದು ಎಲ್ಲ ನಾಡುಗಳಲ್ಲೂ ಇದ್ದದ್ದೇ. ಇಟಲಿಯ ಭಾಷೆಯನ್ನು ಕಲಿಯಹೊರಟವರನ್ನು ಕೇಳಿ ನೋಡಿ. ಬರೆದಂತೆ ಓದಬಹುದು, ಹೆಚ್ಚಿನ ಪದಗಳು ನಮ್ಮ ಕನ್ನಡದಂತೆಯೇ ಸ್ವರದಲ್ಲಿ ಮುಗಿಯುತ್ತವೆ, ಕಿವಿಗೆ ಹಿತವಾಗಿದೆ ಎಂದು ಮೊದಲು ಹೊಗಳುತ್ತಾರೆ. ನಿಯಮಕ್ಕೆ ಒಗ್ಗದ ಕ್ರಿಯಾಪದಗಳ ಮಾತು ಬಂದೊಡನೆ ಮಾತ್ರ, 'ಅದೊಂದು ದೊಡ್ಡ ಕಾಡು' ಎಂದು ಕೈಚೆಲ್ಲುತ್ತಾರೆ. ಈ ದೂರು ಎಷ್ಟು ನ್ಯಾಯವಾದದ್ದು? ಆ ಕ್ರಿಯಾಪದಗಳ ಮೇಲೆ ಹೊರಿಸುವ ತಪ್ಪಿನಲ್ಲಿ ಬಹುಪಾಲು ಅವನ್ನು ಕಲಿಸುವ ಮತ್ತು ಪರೀಕ್ಷಿಸುವ ಕ್ರಮದ್ದೆಂಬುದು ನಮ್ಮ ಅಭಿಪ್ರಾಯ. ದೂರದ ಇಟಲಿಯ ಈ ವಿಷಯದಲ್ಲಿ ಗಡಿನಾಡಿನ ನಮಗೂ ಪಾಠವಿದೆ.

ಮೊದಲು ನಿಯಮವನ್ನೇ ನೋಡೋಣ. ಇಟಾಲಿಯನ್ ಕ್ರಿಯಾಪದಗಳು ಆರೆ, ಏರೆ, ಈರೆ ಎಂಬ ಮೂರು ಅಂತ್ಯಗಳ ಮೂರು ವರ್ಗಗಳಾಗಿವೆ. 'ಪಾರ್ಲಾರೆ' ಎಂದರೆ ಮಾತಾಡುವುದು. ಪಾರ್ಲೊ ಎಂದರೆ ಮಾತಾಡುತ್ತೇನೆ, ಪಾರ್ಲಿ ಎಂದರೆ ಮಾತಾಡುತ್ತೀ, ಪಾರ್ಲಾ ಎಂದರೆ ಮಾತಾಡುತ್ತಾನೆ ಅಥವಾ ಮಾತಾಡುತ್ತಾಳೆ. ಬಹುವಚನದಲ್ಲಿ ಪಾರ್ಲ್ಯಾಮೊ, ಪಾರ್ಲಾತೆ, ಪಾರ್ಲನೊ. ನಮ್ಮ ಆಖ್ಯಾತ ಪ್ರತ್ಯಯಗಳಂತೆ ಇಲ್ಲಿಯೂ ಪ್ರತ್ಯಯವೇ ಪುರುಷವನ್ನೂ ವಚನವನ್ನೂ ಹೇಳಿಬಿಡುತ್ತದೆ. ಆದುದರಿಂದ 'ನಾನು', 'ನೀನು' ಎಂಬ ಸರ್ವನಾಮಗಳನ್ನು ಇಟಲಿಯವರು ಬಹಳ ಸಲ ಬಿಟ್ಟೇ ಮಾತಾಡುತ್ತಾರೆ. ಇಂಗ್ಲಿಷಿಗೆ ಇಲ್ಲದ ಈ ಅನುಕೂಲ ಕನ್ನಡಿಗನಿಗೆ ಹೊಸದೇನೂ ಅಲ್ಲ.

ಇನ್ನು ನಿಯಮ ಮೀರಿದವು. 'ಅಂದಾರೆ' ಎಂದರೆ ಹೋಗುವುದು. ನಿಯಮದಂತೆ 'ಹೋಗುತ್ತೇನೆ' ಎಂಬುದಕ್ಕೆ 'ಅಂದೊ' ಎನ್ನಬೇಕಿತ್ತು. ಇಟಲಿಯವರು ಹಾಗೆನ್ನುವುದಿಲ್ಲ. ವಾದೊ, ವಾಯ್, ವಾ, ಅಂದ್ಯಾಮೊ, ಅಂದಾತೆ, ವಾನ್ನೊ ಎನ್ನುತ್ತಾರೆ. ಒಂದೇ ಪಟ್ಟಿಯಲ್ಲಿ ಎರಡು ಧಾತುಗಳು! 'ವಾ' ಎಂಬುದು ನಡೆಯುವುದನ್ನು ಸೂಚಿಸುವ ಹಳೆಯ ಲ್ಯಾಟಿನ್ ಕ್ರಿಯಾಪದವೊಂದರಿಂದ ಬಂದದ್ದು. 'ಅಂದಾರೆ'ಯ ಮೂಲದ ಬಗ್ಗೆ ಪಂಡಿತರಲ್ಲಿ ಇಂದಿಗೂ ಒಮ್ಮತವಿಲ್ಲ. ಇದನ್ನು ನೋಡಿದವರು ಇದೆಂಥ ಅರಾಜಕತೆ ಎಂದು ಕೇಳುವುದು ಸಹಜ.

ಸ್ವಲ್ಪ ತಾಳ್ಮೆಯಿಂದ ನೋಡಿದರೆ ಅಲ್ಲೊಂದು ಕ್ರಮ ಕಾಣುತ್ತದೆ. 'ನಾವು', 'ನೀವು' ಎಂಬ ಎರಡು ರೂಪಗಳಲ್ಲಿ ಮಾತ್ರ ಉಚ್ಚಾರದ ಒತ್ತು ಪ್ರತ್ಯಯದ ಮೇಲೆ ಬೀಳುತ್ತದೆ. ಉಳಿದ ನಾಲ್ಕರಲ್ಲಿ ಧಾತುವಿನ ಮೇಲೆ. 'ಅಂದ' ಇರುವುದು ಆ ಎರಡರಲ್ಲಿ, 'ವಾ' ಇರುವುದು ಈ ನಾಲ್ಕರಲ್ಲಿ. 'ಸಾಯುತ್ತಾನೆ' ಎಂಬುದು 'ಮ್ವೋರೆ', 'ಸಾಯುತ್ತೇವೆ' ಎಂಬುದು 'ಮೊರ್ಯಾಮೊ'. ಒತ್ತು ಬಿದ್ದಲ್ಲಿ ಸ್ವರ ಅರಳಿದೆ, ಬೀಳದಲ್ಲಿ ಮುದುಡಿದೆ. 'ಬರೆಯುವುದು' ಎಂಬ ಅರ್ಥದ 'ಸ್ಕ್ರೀವೆರೆ'ಯ ಒಂದು ಭೂತಕಾಲ ಹೀಗಿದೆ: ಸ್ಕ್ರಿಸ್ಸಿ, ಸ್ಕ್ರಿವೇಸ್ತಿ, ಸ್ಕ್ರಿಸ್ಸೆ, ಸ್ಕ್ರಿವೆಮ್ಮೊ, ಸ್ಕ್ರಿವೇಸ್ತೆ, ಸ್ಕ್ರಿಸ್ಸೆರೊ. ಇಲ್ಲಿ ನಾನು, ಅವನು, ಅವರು ಎಂಬ ಮೂರು ರೂಪಗಳಷ್ಟೇ ವಿಕಾರಗೊಂಡಿವೆ. ಇದೇ ಅಚ್ಚಿನಲ್ಲಿ 'ಓದು', 'ತೆಗೆದುಕೊ' ಮುಂತಾದ ಹತ್ತಾರು ಕ್ರಿಯಾಪದಗಳೂ ನಡೆಯುತ್ತವೆ. ಇವನ್ನು ನಿಯಮವಿಲ್ಲದವು ಎನ್ನುವುದು ಸರಿಯಲ್ಲ. ಇವು ಹಳೆಯ ನಿಯಮದವು.

ಈ ಹಳಮೆ ಎಷ್ಟು ದೂರ ಹೋಗುತ್ತದೆ? 'ಇರುವುದು' ಎಂಬ ಅರ್ಥದ 'ಎಸ್ಸೆರೆ' ಎಲ್ಲಕ್ಕಿಂತ ವಕ್ರವೆಂದು ಹೆಸರಾದದ್ದು. ಸೋನೊ, ಸೇಯ್, ಎ, ಸ್ಯಾಮೊ, ಸ್ಯೇತೆ, ಸೋನೊ. ಸಂಸ್ಕೃತ ಓದಿದ ವಿದ್ಯಾರ್ಥಿ ಇದರ ಪಕ್ಕದಲ್ಲಿ ಅಸ್ಮಿ, ಅಸಿ, ಅಸ್ತಿ, ಸ್ಮಃ, ಸ್ಥ, ಸಂತಿ ಎಂದು ಬರೆದುಕೊಳ್ಳಲಿ. ಇಟಾಲಿಯನ್ನಿನ 'ಎ' ಲ್ಯಾಟಿನ್ನಿನ 'ಎಸ್ತ್' ಎಂಬುದರಿಂದ ಬಂತು. ಆ 'ಎಸ್ತ್' ನಮ್ಮ 'ಅಸ್ತಿ'ಯ ಒಡಹುಟ್ಟು. ಬಹುವಚನದ 'ಸೋನೊ' ಲ್ಯಾಟಿನ್ನಿನ 'ಸುಂತ್'. ಅದು 'ಸಂತಿ'ಯ ಒಡಹುಟ್ಟು. ಈ ನಂಟಿನ ಸುಳಿವು ಬಹಳ ಹಿಂದೆಯೇ ಒಬ್ಬ ಇಟಲಿಯವನಿಗೆ ನಮ್ಮ ಪಶ್ಚಿಮ ಕರಾವಳಿಯಲ್ಲೇ ಸಿಕ್ಕಿತ್ತೆಂಬುದು ಸ್ವಾರಸ್ಯದ ಸಂಗತಿ. ಫ್ಲಾರೆನ್ಸ್ ನಗರದ ವ್ಯಾಪಾರಿ ಫಿಲಿಪ್ಪೊ ಸಾಸ್ಸೆತ್ತಿ 1583ರಲ್ಲಿ ಭಾರತಕ್ಕೆ ಬಂದು, ಮೆಣಸಿನ ವ್ಯಾಪಾರದ ಸಲುವಾಗಿ ಕೊಚ್ಚಿ, ಗೋವೆಗಳಲ್ಲಿ ಇದ್ದು, 1588ರಲ್ಲಿ ಗೋವೆಯಲ್ಲೇ ತೀರಿಕೊಂಡ. ದೇವ, ಸರ್ಪ, ಏಳು, ಎಂಟು, ಒಂಬತ್ತು ಇವುಗಳ ಸಂಸ್ಕೃತ ಹೆಸರುಗಳಿಗೂ ತನ್ನ ನುಡಿಯ ಹೆಸರುಗಳಿಗೂ ಇರುವ ಹೋಲಿಕೆಯನ್ನು ಆತ ಊರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದ. ಸಪ್ತ ಎಂಬುದಕ್ಕೆ ಸೆತ್ತೆ, ಅಷ್ಟ ಎಂಬುದಕ್ಕೆ ಒತ್ತೊ, ನವ ಎಂಬುದಕ್ಕೆ ನೋವೆ! ವಿದ್ವಾಂಸರು ಈ ವಿಷಯವನ್ನು ಶಾಸ್ತ್ರವಾಗಿ ಬೆಳೆಸಲು ಇನ್ನೂ ಇನ್ನೂರು ವರ್ಷ ಬೇಕಾಯಿತು.

ಹಾಗಾದರೆ ಈ ಹಳೆಯ ರೂಪಗಳು ಕಾಲಕ್ರಮದಲ್ಲಿ ಏಕೆ ಸವೆದುಹೋಗಲಿಲ್ಲ? ಉತ್ತರ ಸರಳವಾಗಿದೆ. ಇರು, ಹೋಗು, ಬಾ, ಮಾಡು, ಹೇಳು, ಕೊಡು, ಬೇಕು, ಬಲ್ಲೆ ಇವು ದಿನಕ್ಕೆ ನೂರು ಸಲ ಬಾಯಿಗೆ ಬರುವ ಮಾತುಗಳು. ಮಗು ನಿಯಮ ಅರಿಯುವ ಮೊದಲೇ ಅವು ನಾಲಗೆಯಲ್ಲಿ ಕುಳಿತುಬಿಡುತ್ತವೆ. ಅಪರೂಪದ ಕ್ರಿಯಾಪದವನ್ನು ಜನ ಮರೆತು ನಿಯಮದ ಅಚ್ಚಿಗೆ ಹಾಕುತ್ತಾರೆ. ದಿನಬಳಕೆಯದನ್ನು ಮರೆಯುವುದೇ ಇಲ್ಲ. ಇಟಾಲಿಯನ್ನಿನ 'ಆರೆ' ವರ್ಗದಲ್ಲಿ ಸಾವಿರಾರು ಕ್ರಿಯಾಪದಗಳಿದ್ದರೂ ನಿಯಮ ಮೀರಿದವು ಹೋಗು, ಕೊಡು, ಮಾಡು, ಇರು ಎಂಬರ್ಥದ ನಾಲ್ಕೇ ನಾಲ್ಕು. ಹೊಸದಾಗಿ ಸೇರಿದ 'ತೆಲೆಫೊನಾರೆ' ಮುಂತಾದವು ಶಿಸ್ತಿನಿಂದ ಸಾಲಿನಲ್ಲೇ ನಡೆಯುತ್ತವೆ. ಇಟಲಿಯ ಮಕ್ಕಳು 'ತೆರೆದ' ಎಂಬರ್ಥದ 'ಅಪೆರ್ತೊ' ಎನ್ನುವಲ್ಲಿ 'ಅಪ್ರೀತೊ' ಎನ್ನುವುದುಂಟು. ಹಿರಿಯರು ನಗುತ್ತಾರೆ. ಆ ಮಗು ಯಾರೂ ಹೇಳಿಕೊಡದ ನಿಯಮವನ್ನು ತಾನೇ ಕಂಡುಹಿಡಿದಿದೆ ಎಂಬುದನ್ನು ಗಮನಿಸುವವರು ಕಡಿಮೆ.

ಕನ್ನಡದ ಮಾತೂ ಬೇರೆಯಲ್ಲ. ಮಾಡು ಎಂಬುದಕ್ಕೆ ಮಾಡಿದ. ಆದರೆ ಬರು ಎಂಬುದಕ್ಕೆ ಬಂದ, ಹೋಗು ಎಂಬುದಕ್ಕೆ ಹೋದ, ಬೀಳು ಎಂಬುದಕ್ಕೆ ಬಿದ್ದ, ಸಾಯು ಎಂಬುದಕ್ಕೆ ಸತ್ತ. ಹೊರಗಿನವರಿಗೆ ಇದೂ ಕಾಡೇ. ಆದರೂ ಇಲ್ಲಿ ಕಾಲುದಾರಿಗಳಿವೆ. ಓಡು, ಹಾಡು, ನೋಡು, ಬೇಡು ಎಂದು ಮೊದಲ ಸ್ವರ ದೀರ್ಘವಿದ್ದರೆ ಓಡಿದ, ಹಾಡಿದ, ನೋಡಿದ, ಬೇಡಿದ. ಕೊಡು, ಇಡು, ಬಿಡು, ನೆಡು, ಸುಡು ಎಂದು ಹ್ರಸ್ವವಿದ್ದರೆ ಕೊಟ್ಟ, ಇಟ್ಟ, ಬಿಟ್ಟ, ನೆಟ್ಟ, ಸುಟ್ಟ. ಇದನ್ನು ನಮಗೆ ಯಾವ ಪುಸ್ತಕವೂ ಮೊದಲು ಕಲಿಸಲಿಲ್ಲ. ತಾಯಂದಿರ ಮಾತೇ ಕಲಿಸಿತು. ಹದಿಮೂರನೆಯ ಶತಮಾನದ ಕೇಶಿರಾಜನೂ ತನ್ನ 'ಶಬ್ದಮಣಿದರ್ಪಣ'ದಲ್ಲಿ ಸೂತ್ರಗಳಿಗೆ ಹಿಂದಿನ ಕವಿಗಳ ಪ್ರಯೋಗಗಳನ್ನೇ ಉದಾಹರಣೆ ಕೊಟ್ಟ. ಬಳಕೆ ಮುಂದೆ, ಸೂತ್ರ ಹಿಂದೆ.

ಇಷ್ಟು ತಿಳಿದ ಮೇಲೆ ಕಲಿಸುವ ಕ್ರಮದ ಪ್ರಶ್ನೆ ಬರುತ್ತದೆ. ಇಟಲಿಯಲ್ಲೇ ಈ ಪ್ರಶ್ನೆಯನ್ನು ಕೆಲವು ಹಳ್ಳಿ ಹುಡುಗರು ಎತ್ತಿದ್ದರು. ಫ್ಲಾರೆನ್ಸಿನ ಉತ್ತರದ ಗುಡ್ಡಗಾಡಿನಲ್ಲಿ ಬಾರ್ಬಿಯಾನ ಎಂಬ ಸಣ್ಣ ಊರಿದೆ. 1954ರಲ್ಲಿ ಅಲ್ಲಿಗೆ ಬಂದ ಪಾದ್ರಿ ಲೊರೆನ್ಸೊ ಮಿಲಾನಿ, ಸರಕಾರಿ ಶಾಲೆಯಲ್ಲಿ ನಪಾಸಾದ ರೈತರ ಮಕ್ಕಳಿಗೆ ಪಾಠ ಹೇಳತೊಡಗಿದರು. ಆ ಶಾಲೆಯ ಎಂಟು ಹುಡುಗರು ಕೂಡಿ ಬರೆದ 'ಶಿಕ್ಷಕಿಯೊಬ್ಬರಿಗೆ ಪತ್ರ' ಎಂಬ ಪುಸ್ತಕ 1967ರಲ್ಲಿ ಹೊರಬಂದು ದೇಶದಲ್ಲೆಲ್ಲ ಚರ್ಚೆಯಾಯಿತು. ಅದರಲ್ಲಿ ಫ್ರೆಂಚ್ ಪರೀಕ್ಷೆಯ ಬಗ್ಗೆ ಒಂದು ಕಟುವಾದ ಮಾತಿದೆ. ಪ್ರಶ್ನೆಪತ್ರಿಕೆಯ ತುಂಬ ಅಪವಾದಗಳೇ. ಗೂಬೆ, ಬೆಣಚುಕಲ್ಲು ಮೊದಲಾದವುಗಳ ಬಹುವಚನ ಬಲ್ಲ ಹುಡುಗ ಹತ್ತಕ್ಕೆ ಒಂಬತ್ತು ಅಂಕ ಪಡೆದ. ಆದರೆ ಫ್ರಾನ್ಸಿಗೆ ಹೋದರೆ ಶೌಚಾಲಯ ಎಲ್ಲಿದೆ ಎಂದು ಕೇಳಲೂ ಆತನಿಗೆ ಬಾರದು ಎಂಬುದು ಅದರ ಸಾರ. ಪದಗಳನ್ನು ಆರಿಸಿದ್ದು ಅವು ಅಪವಾದಗಳೆಂಬ ಕಾರಣಕ್ಕೆ, ಬಳಕೆಯವೆಂಬ ಕಾರಣಕ್ಕಲ್ಲ ಎಂಬುದೇ ಆ ಹುಡುಗರ ದೂರು. ನಾವು ಇದನ್ನು ಪೂರ್ಣವಾಗಿ ಒಪ್ಪುತ್ತೇವೆ.

ಅಪವಾದಗಳನ್ನು ಬಿಟ್ಟೇಬಿಡಿ ಎಂದು ಇದರರ್ಥವಲ್ಲ. 'ಎಸ್ಸೆರೆ', 'ಅಂದಾರೆ'ಗಳಿಲ್ಲದೆ ಇಟಾಲಿಯನ್ನಿನಲ್ಲಿ ಒಂದು ದಿನವೂ ಸಾಗದು. ಅವನ್ನು ಮೊದಲೇ ಕಲಿಸಬೇಕು, ವಾಕ್ಯಗಳಲ್ಲಿ ಕಲಿಸಬೇಕು, ಬಾಯಲ್ಲಿ ಆಡಿಸಬೇಕು. ಕಂಠಪಾಠವೂ ಕೀಳಲ್ಲ. 1623ರಲ್ಲಿ ಇಕ್ಕೇರಿಗೆ ಹೊರಟಿದ್ದ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ, ಘಟ್ಟದ ದಾರಿಯ ಗುಡಿಯೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ಕಂಡು ಇಟಾಲಿಯನ್ನಿನಲ್ಲಿ ಬರೆದಿಟ್ಟಿದ್ದಾನೆ. ಒಬ್ಬ ರಾಗವಾಗಿ ಹೇಳುತ್ತ ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಬರೆಯುವುದು, ಉಳಿದವರು ಹಾಗೆಯೇ ಹೇಳಿ ಬರೆಯುವುದು. ರಾಗವಾಗಿ ಹೇಳಿದ್ದು ನೆನಪಿನಲ್ಲಿ ಆಳವಾಗಿ ಊರುತ್ತದೆಂದು ಆತ ಮೆಚ್ಚಿಕೊಂಡ. 'ಹಾಡುತ್ತ ಹಾಡುತ್ತ ರಾಗ' ಎಂಬ ನಮ್ಮ ಗಾದೆಯೂ ಇದನ್ನೇ ಹೇಳುತ್ತದೆ. ಆ ಮಕ್ಕಳು ಮಗ್ಗಿ ಹಾಡಿದ್ದು ಲೆಕ್ಕ ಮಾಡುವುದಕ್ಕಾಗಿ. ಅಂತೆಯೇ ಕ್ರಿಯಾಪದದ ರೂಪಾವಳಿಯನ್ನು ಹಾಡುವುದು ಮಾತಾಡುವುದಕ್ಕಾಗಿ ಆಗಬೇಕು.

ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಕನ್ನಡ, ಕಛೇರಿಯಲ್ಲಿ ರಾಜ್ಯಭಾಷೆ, ಮುಂದೆ ಹಿಂದಿ, ಇಂಗ್ಲಿಷು. ಗಡಿನಾಡಿನ ನಮ್ಮ ಮಕ್ಕಳ ಹೆಗಲ ಮೇಲೆ ಇಷ್ಟು ಭಾಷೆಗಳ ಕ್ರಿಯಾಪದಗಳಿವೆ. ಒಂದು ರೂಪ ತಪ್ಪಿದರೆ 'ದಡ್ಡ' ಎಂಬ ಹಣೆಪಟ್ಟಿ ಕಟ್ಟುವುದು ಸುಲಭ. ಆ ಹಣೆಪಟ್ಟಿ ಹೊತ್ತ ಮಗು ಬಾಯಿ ತೆರೆಯುವುದನ್ನೇ ನಿಲ್ಲಿಸುತ್ತದೆ. ಬಾಯಿ ತೆರೆಯದವನಿಗೆ ಯಾವ ಭಾಷೆಯೂ ಒಲಿಯದು. ತಪ್ಪು ರೂಪವನ್ನು ತಿದ್ದಲೇಬೇಕು. ತಿದ್ದುವ ಮುನ್ನ ಅದರ ಹಿಂದೆ ಮಗು ಕಂಡುಕೊಂಡ ನಿಯಮವನ್ನು ಶಿಕ್ಷಕರು ಗುರುತಿಸಲಿ. ಪರೀಕ್ಷಕರು ಅಪರೂಪದ ರೂಪಗಳನ್ನು ಬಲೆಯಾಗಿ ಒಡ್ಡದೆ ದಿನಬಳಕೆಯ ಹತ್ತು ಕ್ರಿಯಾಪದಗಳಲ್ಲಿ ಹತ್ತು ವಾಕ್ಯ ಬರೆಸಲಿ. ವಿದ್ಯಾರ್ಥಿಗಳಾದರೂ ತಪ್ಪೀತೆಂಬ ಅಂಜಿಕೆ ಬಿಟ್ಟು ಮಾತಾಡಲಿ. ಹೀಗಾದರೆ ನಿಯಮ ಮೀರಿದ ಕ್ರಿಯಾಪದಗಳು ಯಾವ ಭಾಷೆಯಲ್ಲೂ ಯಾವ ಮಗುವನ್ನೂ ಹೆದರಿಸಲಾರವು ಎಂದು ನಾವು ನಂಬಿದ್ದೇವೆ.