ಹಲ್ಲುನೋವು ಮತ್ತು ಮನೆಯ ಜಮಾಖರ್ಚು

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ಗಾದೆ ಕಟ್ಟಿದ ಹಿರಿಯರು ಮೂರನೆಯ ಸ್ಥಿತಿಯೊಂದನ್ನು ಕಾಣದೆ ಹೋದರು. ಇಂದಿನ ಗೃಹಸ್ಥನಿಗೆ ಕಡಲೆಯೂ ಉಂಟು, ಹಲ್ಲೂ ಉಂಟು. ಆದರೆ ಆ ಹಲ್ಲನ್ನು ಉಳಿಸಿಕೊಳ್ಳಲು ತೆರಬೇಕಾದ ಹಣಕ್ಕೆ ಮಾತ್ರ ತಿಂಗಳ ಲೆಕ್ಕದಲ್ಲಿ ಜಾಗವಿಲ್ಲ. ಬಾಡಿಗೆ, ಹಾಲು, ದಿನಸಿ, ಶಾಲೆಯ ಶುಲ್ಕ, ಹಬ್ಬಹುಣ್ಣಿಮೆ, ಎಲ್ಲಕ್ಕೂ ಒಂದೊಂದು ಕಲಮು ಇರುತ್ತದೆ. ಹಲ್ಲಿನ ಖರ್ಚು ಮಾತ್ರ ಹೇಳದೆ ಕೇಳದೆ ಬರುವ ನೆಂಟನಂತೆ ಬಂದು, ಇನ್ನಾವುದಕ್ಕೋ ಎತ್ತಿಟ್ಟಿದ್ದ ಹಣವನ್ನು ಉಂಡು ಹೋಗುತ್ತದೆ.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಬೀದಿಗಳಲ್ಲಿ ವಿಶ್ರಾಂತಿ ವೇತನದ ಮೇಲೆ ನಡೆಯುವ ಸಂಸಾರಗಳು ಹಲವು. ಅಂಥ ಮನೆಯಲ್ಲಿ ಯಜಮಾನರ ರಕ್ತದೊತ್ತಡದ ಮಾತ್ರೆ ತಿಂಗಳು ತಪ್ಪದೆ ಬರುತ್ತದೆ. ಮನೆಯಾಕೆಯ ದವಡೆ ಹಲ್ಲು ಚುಚ್ಚಿದರೆ ಆಕೆ ಲವಂಗವೊಂದನ್ನು ಅಲ್ಲಿ ಒತ್ತಿಕೊಂಡು ಅಡಿಗೆಮನೆಗೆ ನಡೆಯುತ್ತಾಳೆ. ಕೇಳಿದರೆ, “ಏನಿಲ್ಲಾಂದ್ರೆ, ತಣ್ಣೀರು ತಾಕಿತು, ಅಷ್ಟೆ” ಎಂಬ ಉತ್ತರ. ತಿಂಗಳುಗಟ್ಟಲೆ ಒಂದೇ ಮಗ್ಗುಲಲ್ಲಿ ಅಗಿಯುತ್ತಾಳೆ. ಚಕ್ಕುಲಿ ಕರಿದು ಎಲ್ಲರಿಗೂ ಬಡಿಸಿ, ತಾನು ಮುಟ್ಟದೆ ಡಬ್ಬಿಯ ಮುಚ್ಚಳ ಹಾಕುತ್ತಾಳೆ. ಕಾರಣವನ್ನು ಯಾರೂ ವಿಚಾರಿಸುವುದಿಲ್ಲ. ಕೆಲವು ವಾರಗಳಲ್ಲಿ ನೋವು ತಾನಾಗಿ ನಿಂತಾಗ, ಕಾಸು ಖರ್ಚಿಲ್ಲದೆ ವಾಸಿಯಾಯಿತೆಂದು ಆಕೆಗೆ ಸಮಾಧಾನ.

ಮೋಸವಿರುವುದು ಈ ಸಮಾಧಾನದಲ್ಲಿಯೇ. ಹಲ್ಲಿನ ಹೊರಕವಚಕ್ಕೆ ನರವಿಲ್ಲ. ಹುಳುಕು ಅಲ್ಲಿರುವವರೆಗೆ ನೋವೂ ಇಲ್ಲ. ಅದು ಒಳಪದರಕ್ಕೆ ಇಳಿದಾಗ ತಣ್ಣೀರು, ಸಿಹಿ ತಾಕಿದರೆ ಜುಮ್ಮೆನ್ನುತ್ತದೆ. ಹಲ್ಲಿನ ತಿರುಳನ್ನು ಮುಟ್ಟಿದಾಗ ರಾತ್ರಿಯ ನಿದ್ರೆ ಹಾರಿಹೋಗುತ್ತದೆ. ಅನಂತರ ಆ ತಿರುಳು ಸತ್ತರೆ ನೋವೂ ನಿಲ್ಲುತ್ತದೆ. ಆದರೆ ಸೋಂಕು ನಿಲ್ಲದೆ, ಬೇರಿನ ತುದಿಯಲ್ಲಿ ಕೀವು ಕಟ್ಟಲು ತೊಡಗುತ್ತದೆ. ನೋವು ನಿಂತದ್ದು ವಾಸಿಯಾದ ಗುರುತಲ್ಲ, ಹಲ್ಲಿನ ಜೀವ ಹೋದ ಗುರುತು.

ಖರ್ಚು ಏರುವುದೂ ಇದೇ ಮೆಟ್ಟಿಲುಗಳ ಮೇಲೆ. ಮೊದಲ ಹಂತದಲ್ಲಿ ಹುಳುಕನ್ನು ತೆಗೆದು ತುಂಬಿಸಿದರೆ ಸಾಕು. ಒಂದೇ ಭೇಟಿಯಲ್ಲಿ, ಸಾಮಾನ್ಯವಾಗಿ ನೂರುಗಳ ಲೆಕ್ಕದಲ್ಲಿ ಮುಗಿಯುತ್ತದೆ. ತಿರುಳು ಕೆಟ್ಟ ಮೇಲೆ ರೂಟ್ ಕೆನಾಲ್ ಮಾಡಿಸಿ, ಅದರ ಮೇಲೊಂದು ಕ್ಯಾಪು ಹಾಕಿಸಬೇಕು. ಆಗ ಲೆಕ್ಕ ಸಾವಿರಗಳಿಗೆ ಏರುತ್ತದೆ. ಕೀಳಿಸಿಬಿಟ್ಟರೆ ಅಗ್ಗವೆನ್ನುವವರು ಉಂಟು. ಆದರೆ ತೆರವಾದ ಜಾಗಕ್ಕೆ ಅಕ್ಕಪಕ್ಕದ ಹಲ್ಲುಗಳು ವಾಲುತ್ತವೆ, ಎದುರು ಹಲ್ಲು ಉದ್ದವಾಗಿ ಇಳಿಯುತ್ತದೆ. ಮುಂದೆ ಅಲ್ಲಿ ಹಲ್ಲು ಕಟ್ಟಿಸಲು ಹೊರಟರೆ ಆಧಾರಕ್ಕಾಗಿ ಪಕ್ಕದ ಎರಡು ಒಳ್ಳೆಯ ಹಲ್ಲುಗಳನ್ನು ಅರೆಯಬೇಕಾಗುತ್ತದೆ. ಇಲ್ಲವೆ ದವಡೆಯ ಮೂಳೆಗೆ ತಿರುಪು ಕೂರಿಸುವ ಇಂಪ್ಲಾಂಟಿಗೆ ಹತ್ತಾರು ಸಾವಿರ ತೆರಬೇಕಾಗುತ್ತದೆ. ಉಳಿಸಿದೆವೆಂದುಕೊಂಡ ನೂರು ರೂಪಾಯಿಗಳು ಹೀಗೆ ಬಡ್ಡಿಯೊಡನೆ ಹಿಂದಿರುಗುತ್ತವೆ.

ಇದಕ್ಕೆ ದಂತವೈದ್ಯರನ್ನು ದೂರುವುದೂ ಪೂರ್ಣ ನ್ಯಾಯವಲ್ಲ. ಸಾಮಾನ್ಯ ವೈದ್ಯರು ಚೀಟಿ ಬರೆದುಕೊಟ್ಟರೆ ಕೆಲಸ ಬಹುಮಟ್ಟಿಗೆ ಮುಗಿಯಿತು; ದಂತವೈದ್ಯರ ಪ್ರತಿಯೊಂದು ಭೇಟಿಯೂ ಒಂದು ಕೈಗೆಲಸ. ಕುರ್ಚಿ, ಎಕ್ಸ್‌ರೇ, ಉಪಕರಣಗಳನ್ನು ಶುದ್ಧಿಮಾಡುವ ಯಂತ್ರ, ಕ್ಯಾಪು ತಯಾರಿಸುವವರ ಕೂಲಿ, ಇವೆಲ್ಲದರ ಮೇಲೆ ಗಾಂಧಿ ಬಜಾರಿನಂಥ ಬೀದಿಯ ಬಾಡಿಗೆ. ಎಲ್ಲವೂ ಆ ಒಂದು ಹಲ್ಲಿನ ಮೇಲೆಯೇ ಬೀಳಬೇಕು.

ವಿಮೆಯಾದರೂ ನೆರವಾದೀತೆಂದರೆ, ನಮ್ಮ ದೇಶದ ಸಾಮಾನ್ಯ ಆರೋಗ್ಯವಿಮೆಗಳು ಆಸ್ಪತ್ರೆಗೆ ಸೇರಿದವರಿಗಾಗಿ ರಚಿತವಾದವು; ಅಪಘಾತದಿಂದಾದ ಪೆಟ್ಟನ್ನು ಬಿಟ್ಟರೆ ಹಲ್ಲಿನ ಚಿಕಿತ್ಸೆಯನ್ನು ಬಹುತೇಕ ಹೊರಗಿಡುತ್ತವೆ. ಈ ತೊಡಕು ಶ್ರೀಮಂತ ದೇಶಗಳಿಗೂ ತಪ್ಪಿದ್ದಲ್ಲ. 1948ರ ಜುಲೈ 5ರಂದು ಬ್ರಿಟನ್ ಎಲ್ಲರಿಗೂ ಉಚಿತ ವೈದ್ಯಸೇವೆಯನ್ನು ಆರಂಭಿಸಿತು. ಮೂರೇ ವರ್ಷಗಳಲ್ಲಿ, 1951ರಲ್ಲಿ, ಹಣ ಸಾಲದೆ ಮೊದಲು ಶುಲ್ಕ ವಿಧಿಸಲು ಹೊರಟದ್ದು ಕಟ್ಟಿಸಿದ ಹಲ್ಲಿಗೂ ಕನ್ನಡಕಕ್ಕೂ. ಆ ಸೇವೆಯನ್ನು ಸ್ಥಾಪಿಸಿದ ಸಚಿವ ಅನ್ಯೂರಿನ್ ಬೆವನ್ ಅದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಹಲ್ಲನ್ನು ದೇಹದಿಂದ ಬೇರೆಯಾಗಿ ಎಣಿಸುವ ಅಭ್ಯಾಸ ಅಷ್ಟು ಹಳೆಯದು.

ಹಾಗೆಂದು ಬೆಂಗಳೂರಿನವರಿಗೆ ದಾರಿಯೇ ಇಲ್ಲವೆಂದಲ್ಲ. ಕೋಟೆಯ ಬಳಿ, ವಿಕ್ಟೋರಿಯಾ ಆಸ್ಪತ್ರೆಯ ನೆರೆಯಲ್ಲಿ, 1958ರಲ್ಲಿ ಸ್ಥಾಪಿತವಾದ ಸರ್ಕಾರಿ ದಂತ ಮಹಾವಿದ್ಯಾಲಯವಿದೆ. ಚಾಮರಾಜಪೇಟೆಯವರಿಗೆ ಅದು ಕೂಗಳತೆಯ ದೂರ. ಮಲ್ಲೇಶ್ವರದವರು ಸಂಪಿಗೆ ರಸ್ತೆಯಲ್ಲಿಯೂ ಬಸವನಗುಡಿಯವರು ನ್ಯಾಷನಲ್ ಕಾಲೇಜಿನಲ್ಲಿಯೂ ಮೆಟ್ರೋ ಹತ್ತಿ, ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿಯಬಹುದು. ವಿಶ್ವೇಶ್ವರಪುರದಲ್ಲಿ ಒಕ್ಕಲಿಗರ ಸಂಘದ ದಂತ ವಿದ್ಯಾಲಯವಿದೆ. ಇಂಥ ವಿದ್ಯಾಲಯಗಳಲ್ಲಿ ಅಧ್ಯಾಪಕರ ಕಣ್ಣೆದುರಿನಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುತ್ತಾರೆ. ಹಣ ಕಡಿಮೆ, ಹೊತ್ತು ಹೆಚ್ಚು. ನಿವೃತ್ತರಿಗೆ ಹೊತ್ತಿನ ಕೊರತೆಯಿಲ್ಲವಲ್ಲ! ಬಡತನದ ರೇಖೆಯ ಕೆಳಗಿನ ವೃದ್ಧರಿಗೆ ಉಚಿತವಾಗಿ ಹಲ್ಲು ಕಟ್ಟಿಸಿಕೊಡುವ ‘ದಂತಭಾಗ್ಯ’ವೆಂಬ ಯೋಜನೆಯನ್ನೂ ರಾಜ್ಯ ಸರ್ಕಾರ 2013ರಿಂದ 2018ರ ನಡುವಣ ಆಡಳಿತದಲ್ಲಿ ತಂದಿತು. ಆ ರೇಖೆಯಿಂದ ಒಂದು ಮೆಟ್ಟಿಲು ಮೇಲಿರುವ ಮಧ್ಯಮ ವರ್ಗದವರಿಗೆ ಅದು ದಕ್ಕದು. ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಪರಿಚಿತರು ಕಂಡಾರೆಂಬ ಸಂಕೋಚವೂ ಇವರದೇ. ಈ ಸಂಕೋಚಕ್ಕೆ ತೆರುವ ಬೆಲೆ ಕೆಲವೊಮ್ಮೆ ಒಂದು ತಿಂಗಳ ಪಿಂಚಣಿ. ಆರೋಗ್ಯವಿಮೆಯಿಲ್ಲದ 60 ವರ್ಷ ದಾಟಿದವರು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ, ವೈದ್ಯವೆಚ್ಚಕ್ಕಾಗಿ ವರ್ಷಕ್ಕೆ 50,000 ರೂಪಾಯಿಗಳವರೆಗೆ ಆದಾಯದಲ್ಲಿ ಕಳೆಯಬಹುದೆಂಬುದನ್ನೂ ನೆನಪಿಟ್ಟು, ರಸೀದಿಗಳನ್ನು ಎತ್ತಿಡುವುದು ಲೇಸು. ಹಣವನ್ನು ನಗದಾಗಿ ಕೊಟ್ಟಿರಬಾರದು.

ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆ ಬಚ್ಚಲಮನೆಯಲ್ಲಿದೆ. ನಂಜನಗೂಡಿನ ಹಲ್ಲುಪುಡಿಯಿಂದ ಬೆಳಗಿನ ಶಿಸ್ತು ಕಲಿತ ಮನೆಗಳಿವು; ಹೊಸದಾಗಿ ಕಲಿಯಬೇಕಾದದ್ದು ರಾತ್ರಿಯ ಉಜ್ಜುವಿಕೆ. ಫ್ಲೋರೈಡ್ ಬೆರೆತ ಟೂತ್‌ಪೇಸ್ಟನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅತ್ಯಾವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. 2025ರ ಸೆಪ್ಟೆಂಬರ್ 22ರಿಂದ ಟೂತ್‌ಪೇಸ್ಟು, ಬ್ರಷ್ಷುಗಳ ಮೇಲಿನ ತೆರಿಗೆಯೂ ಶೇಕಡ 18ರಿಂದ 5ಕ್ಕೆ ಇಳಿದಿದೆ.

ಉಳಿದದ್ದು ಗೃಹಸ್ಥರ ಕೆಲಸ. ಜಮಾಖರ್ಚಿನ ಪುಸ್ತಕದಲ್ಲಿ ಹಲ್ಲಿಗೊಂದು ಕಲಮು ತೆರೆದು ತಿಂಗಳಿಗೆ ಇಷ್ಟೆಂದು ತೆಗೆದಿರಿಸಲಿ. ವರ್ಷಕ್ಕೊಮ್ಮೆ, ನೋವಿಲ್ಲದಾಗಲೇ, ಎಲ್ಲರ ಹಲ್ಲನ್ನೂ ತೋರಿಸಲಿ. ಹಾಗೆ ತೋರಿಸುವಾಗ ಯಾರ ಸರದಿ ಮೊದಲು ಎಂಬ ಪ್ರಶ್ನೆ ಬಂದರೆ, ಚಕ್ಕುಲಿಯ ಡಬ್ಬಿಯನ್ನು ತಾನು ರುಚಿ ನೋಡದೆ ಮುಚ್ಚುವವರ ಹೆಸರನ್ನೇ ಮೊದಲು ಬರೆಯಲಿ.